ನಿಮ್ಮ ತೆರಿಗೆ ಫೈಲು ಎಷ್ಟು ಕಡೆ ಇದೆ?

ಮೊನ್ನೆ ಸಂಜೆ ಲ್ಯಾಪ್‌ಟಾಪಿನಲ್ಲಿ ಹೋದ ವರ್ಷದ ತೆರಿಗೆ ರಿಟರ್ನ್ ಬೇಕಾಗಿತ್ತು. ಅದು ಎಲ್ಲಿದೆ ಅಂತ ನನಗೆ ಚೆನ್ನಾಗಿಯೇ ಗೊತ್ತು. 'ಹಣಕಾಸು' ಅಂತ ಒಂದು ಫೋಲ್ಡರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಹಾಕಿ ಇಟ್ಟಿದ್ದೇನೆ. ಆದರೆ ಆ ಪಾಸ್‌ವರ್ಡ್ ಒತ್ತಲು ಸೋಮಾರಿತನ. ಸುಮ್ನೆ ಹುಡುಕುವ ಪೆಟ್ಟಿಗೆಯಲ್ಲಿ ಫೈಲಿನ ಹೆಸರು ಬರೆದೆ. ಏಳು ಸಿಕ್ಕವು.

ಡೌನ್‌ಲೋಡ್ಸ್‌ನಲ್ಲಿ ಮೂರು: ಮೊದಲು ಇಳಿಸಿದ್ದು, ಬಾಲಕ್ಕೆ 1 ಅಂಟಿಕೊಂಡದ್ದು, 2 ಅಂಟಿಕೊಂಡದ್ದು. 'ಆಮೇಲೆ ತೆಗೆದರಾಯಿತು' ಅಂತ ಡೆಸ್ಕ್‌ಟಾಪಿನಲ್ಲಿ ಬಿಟ್ಟದ್ದು ಒಂದು. ಚಾಟ್ ಆ್ಯಪ್ ತಾನೇ ಉಳಿಸಿಕೊಂಡದ್ದು ಒಂದು. ಸಹಿ ಹಾಕಿ ಸ್ಕ್ಯಾನ್ ಮಾಡಿದ್ದು ಒಂದು. ಏಳನೆಯದು ಮೇಲ್‌ಗೆ ಅಂಟಿಸಿ ಕಳುಹಿಸಿದ್ದು. ಬೀಗ ಹಾಕಿದ ಫೋಲ್ಡರಿನಲ್ಲಿ ಇರುವುದು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಅಂದರೆ ಈ ಏಳೂ ಬೀಗದ ಹೊರಗಿನವು. ನಾನು ಇಷ್ಟು ದಿನ ಎಂಟನೆಯದನ್ನು ಕಾಯುತ್ತಿದ್ದೆ.

ಹಣಕಾಸಿನ ಫೈಲುಗಳನ್ನು ಕಾಪಾಡುವ ವಿಚಾರ ಬಂದರೆ ಎಲ್ಲರೂ ಬೀಗದಿಂದ ಶುರು ಮಾಡುತ್ತಾರೆ. ಯಾವ ಸಾಫ್ಟ್‌ವೇರ್, ಎಷ್ಟು ಉದ್ದದ ಪಾಸ್‌ವರ್ಡ್, ಹೀಗೆ. ಬೀಗದ ಮಾತು ಆಮೇಲೆ. ಮೊದಲು ಎಷ್ಟು ಪ್ರತಿ ಎಲ್ಲೆಲ್ಲಿ ಚೆಲ್ಲಿವೆ ಅಂತ ನೋಡಬೇಕು. ನೀವೂ ಒಮ್ಮೆ ಹುಡುಕಿ ನೋಡಿ. ನಿಮ್ಮ ತೆರಿಗೆ ಸಂಖ್ಯೆ, ಬ್ಯಾಂಕಿನ ಹೆಸರು, 'ಸ್ಟೇಟ್‌ಮೆಂಟ್', 'ಸ್ಯಾಲರಿ' ಎಂಬ ಪದಗಳು, ಕಳೆದ ನಾಲ್ಕೈದು ವರ್ಷಗಳ ಇಸವಿ. ಹತ್ತು ನಿಮಿಷದ ಕೆಲಸ. ಸ್ಕ್ಯಾನ್ ಮಾಡಿದ ಚಿತ್ರಗಳು ಮಾತ್ರ ಎಷ್ಟೋ ಸಲ ಹೀಗೆ ಸಿಗುವುದಿಲ್ಲ, ಯಾಕೆಂದರೆ ನಾವೇ ಹೆಸರು ಕೊಡದಿದ್ದರೆ ಅವುಗಳ ಹೆಸರು ಹೆಚ್ಚಾಗಿ ಬರೀ ಅಂಕಿಗಳಲ್ಲೇ ಇರುತ್ತದೆ. ಅವನ್ನು ಕಣ್ಣಿಂದಲೇ ಹುಡುಕಬೇಕು.

ಈ ಕಾಗದಗಳಿಗೆ ಯಾಕಿಷ್ಟು ಬೆಲೆ? ಕ್ರೆಡಿಟ್ ಕಾರ್ಡ್ ನಂಬರ್ ಕಳುವಾದರೆ ಬ್ಯಾಂಕಿಗೆ ಒಂದು ಫೋನ್ ಮಾಡಿ ಕಾರ್ಡ್ ರದ್ದು ಮಾಡಿಸಬಹುದು. ಹೊಸ ನಂಬರ್ ಬರುತ್ತದೆ, ಹಳೆಯದು ಕಸ. ಆದರೆ ಹುಟ್ಟಿದ ದಿನಾಂಕ ಬದಲಾಯಿಸುವುದು ಹೇಗೆ? ತೆರಿಗೆ ಸಂಖ್ಯೆಯಂತೂ ಜೀವನಪೂರ್ತಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಒಂದು ತೆರಿಗೆ ರಿಟರ್ನ್‌ನಲ್ಲಿ ನಿಮ್ಮ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ, ಕೆಲಸ ಕೊಟ್ಟವರ ಹೆಸರು, ಆದಾಯ, ಬ್ಯಾಂಕ್ ಖಾತೆ, ಕೆಲವೊಮ್ಮೆ ಸಹಿ, ಎಲ್ಲವೂ ಒಂದೇ ಕಡೆ ಜೋಡಿಸಿ ಇಟ್ಟಿರುತ್ತದೆ. ಕಳ್ಳ ಹುಡುಕಿ ಕೂಡಿಸುವ ಕಷ್ಟವೇ ಇಲ್ಲ. ಇದನ್ನು ಹಿಡಿದು ನಿಮ್ಮ ಹೆಸರಲ್ಲಿ ಸಾಲ ಕೇಳಬಹುದು. ನಿಮಗಿಂತ ಮೊದಲೇ ನಿಮ್ಮ ಹೆಸರಲ್ಲಿ ರಿಟರ್ನ್ ಸಲ್ಲಿಸಿ ಮರುಪಾವತಿ ಹೊಡೆಯಬಹುದು. ಅಥವಾ ತೆರಿಗೆ ಅಧಿಕಾರಿ ಅಂತ ಫೋನ್ ಮಾಡಿ, ನಿಮ್ಮ ಆದಾಯವನ್ನು ಕೊನೆಯ ಅಂಕಿಯವರೆಗೆ ಸರಿಯಾಗಿ ಹೇಳಿ ನಂಬಿಸಬಹುದು. ನನ್ನ ಮಟ್ಟಿಗೆ ಹೆಚ್ಚು ಹೆದರಿಕೆ ಈ ಕೊನೆಯದರದ್ದೇ. ಅಷ್ಟು ನಿಖರವಾಗಿ ಹೇಳುವವನನ್ನು ಸುಳ್ಳ ಅಂತ ಅನುಮಾನಿಸುವುದು ಸುಲಭವಲ್ಲ.

ಅಪಾಯಗಳು ಮೂರು ಬಗೆ. ಯಂತ್ರವೇ ಬೇರೆಯವರ ಕೈ ಸೇರುವುದು ಒಂದು. ಯಂತ್ರ ನಿಮ್ಮ ಮುಂದೆಯೇ ಇದ್ದು, ನೀವು ಕೆಲಸ ಮಾಡುತ್ತಿರುವಾಗಲೇ ಯಾರೋ ಒಳಗೆ ನುಗ್ಗುವುದು ಇನ್ನೊಂದು. ಯಾರೂ ಕದಿಯದೆ ಫೈಲೇ ಇಲ್ಲವಾಗುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಮದ್ದು. ಒಂದರ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ.

ಲಾಗಿನ್ ಪಾಸ್‌ವರ್ಡ್ ಬೀಗವಲ್ಲ

ಕಂಪ್ಯೂಟರ್ ಶುರು ಮಾಡಿದಾಗ ಪಾಸ್‌ವರ್ಡ್ ಕೇಳುತ್ತದೆ. ಹಾಗಾಗಿ ಒಳಗಿರುವುದೆಲ್ಲ ಭದ್ರ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆ ಪಾಸ್‌ವರ್ಡ್ ಬಾಗಿಲಲ್ಲಿ ಕೂತ ಕಾವಲುಗಾರ ಇದ್ದ ಹಾಗೆ. ಬಾಗಿಲಿಂದ ಬರುವವರನ್ನು ತಡೆಯುತ್ತಾನೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಕಾವಲುಗಾರ ಹಳೆ ಬಾಗಿಲಲ್ಲೇ ಕೂತಿರುತ್ತಾನೆ, ಫೈಲುಗಳು ಮಾತ್ರ ಪುಸ್ತಕದ ಪುಟದಂತೆ ತೆರೆದುಕೊಳ್ಳುತ್ತವೆ. ಇದಕ್ಕೆ ದೊಡ್ಡ ಜಾಣತನ ಬೇಡ, ಒಂದು ಸ್ಕ್ರೂಡ್ರೈವರ್ ಸಾಕು. ಎಷ್ಟೋ ಯಂತ್ರಗಳಲ್ಲಿ ಅದೂ ಬೇಡ. ಪೆನ್‌ಡ್ರೈವಿನಿಂದ ಬೇರೆ ಆಪರೇಟಿಂಗ್ ಸಿಸ್ಟಂ ಶುರು ಮಾಡಿದರಾಯಿತು.

ಇದಕ್ಕೆ ಮದ್ದು ಇಡೀ ಡಿಸ್ಕಿನ ಎನ್‌ಕ್ರಿಪ್ಷನ್. ಅಂದರೆ ಡಿಸ್ಕಿನ ಮೇಲೆ ಬರೆಯುವಾಗಲೇ ಎಲ್ಲವನ್ನೂ ಕಲಸಿ ಬರೆಯುವುದು, ಓದುವಾಗ ಕೀಲಿ ಹಾಕಿ ಬಿಡಿಸುವುದು. ಕೀಲಿ ಇಲ್ಲದವನಿಗೆ ಕಾಣುವುದು ಅರ್ಥವಿಲ್ಲದ ಬೈಟುಗಳು ಮಾತ್ರ. ಈ ಕಲಸುವ ವಿಧಾನದ ಹೆಸರು ಎಇಎಸ್. ಬೆಲ್ಜಿಯಂನ ಜೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ಇದನ್ನು ರೂಪಿಸಿದರು. ಜಗತ್ತಿನ ತಜ್ಞರೆಲ್ಲ ಮುರಿಯಲು ನೋಡಿದ ಒಂದು ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು, 2001ರಲ್ಲಿ ಅಮೆರಿಕದ ಸರಕಾರಿ ಮಾನದಂಡವಾಯಿತು. ವಿಧಾನ ಗುಟ್ಟಲ್ಲ, ಯಾರು ಬೇಕಾದರೂ ಓದಬಹುದು. ಕೀಲಿಯೊಂದೇ ಗುಟ್ಟು. ಎಇಎಸ್ ಅನ್ನೇ ಮುರಿದು ನಿಮ್ಮ ಫೈಲು ಓದುವವರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಕಳ್ಳರು ಯಾವಾಗಲೂ ಪಾಸ್‌ವರ್ಡ್ ಊಹಿಸುತ್ತಾರೆ ಅಥವಾ ಕೇಳಿಯೇ ಪಡೆಯುತ್ತಾರೆ.

ವಿಂಡೋಸ್‌ನಲ್ಲಿ ಇದಕ್ಕೆ ಬಿಟ್‌ಲಾಕರ್ ಎಂಬ ಹೆಸರು. ಹೋಮ್ ಆವೃತ್ತಿಯಲ್ಲಿ ಅದರ ಸರಳ ರೂಪ 'ಡಿವೈಸ್ ಎನ್‌ಕ್ರಿಪ್ಷನ್' ಇರುತ್ತದೆ, ಎಲ್ಲ ಯಂತ್ರಗಳಲ್ಲೂ ಅಲ್ಲ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲಿನಕ್ಸ್‌ನಲ್ಲಿ ಲಕ್ಸ್, ಅದನ್ನು ಸಿಸ್ಟಂ ಹಾಕಿಕೊಳ್ಳುವಾಗಲೇ ಆರಿಸಿಕೊಳ್ಳುವುದು ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮದು ಆನ್ ಇದೆಯಾ ನೋಡಿ. ಹೊಸ ಯಂತ್ರಗಳಲ್ಲಿ ಎಷ್ಟೋ ಸಲ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಅದು ಒಳ್ಳೆಯದೇ. ಆದರೆ ಅದರ ರಿಕವರಿ ಕೀ, ಅಂದರೆ ಮಾಮೂಲಿ ದಾರಿ ಮುಚ್ಚಿದಾಗ ಬೀಗ ತೆರೆಯುವ ತುರ್ತು ಕೀಲಿ, ಎಲ್ಲಿದೆ ಅಂತ ನಿಮಗೆ ಗೊತ್ತಿರಬೇಕು. ಮದರ್‌ಬೋರ್ಡ್ ಬದಲಾಯಿಸಿದ ದಿನ ಯಂತ್ರ ಆ ಕೀ ಕೇಳುತ್ತದೆ. ಆಗ ಅದು ಇಲ್ಲದಿದ್ದರೆ ಕಳ್ಳನಿಗೂ ನಿಮಗೂ ವ್ಯತ್ಯಾಸವೇ ಇರುವುದಿಲ್ಲ.

ಡಿಸ್ಕ್ ಎನ್‌ಕ್ರಿಪ್ಷನ್ ಕೆಲಸ ಮಾಡುವುದು ಯಂತ್ರ ಪೂರ್ತಿ ಆರಿಸಿದಾಗ. ನೀವು ಲಾಗಿನ್ ಆಗಿ ಕೂತಿದ್ದೀರಿ ಅಂದರೆ ಕೀಲಿ ಬೀಗದಲ್ಲೇ ನೇತಾಡುತ್ತಿದೆ ಅಂತ ಅರ್ಥ. ಮನೆಯವರು, ಬಂದು ಹೋಗುವವರು, ನಿಮ್ಮ ಹೆಸರಲ್ಲಿ ಓಡುತ್ತಿರುವ ಯಾವುದೇ ಪ್ರೋಗ್ರಾಂ, ಎಲ್ಲರಿಗೂ ಫೈಲುಗಳು ಮಾಮೂಲಿಯಾಗಿ ತೆರೆದಿರುತ್ತವೆ. ಅದಕ್ಕೇ ಮುಖ್ಯವಾದ ಕೆಲವಕ್ಕೆ ಒಳಗೊಂದು ಎರಡನೇ ಬೀಗ ಬೇಕು.

ಹುಟ್ಟಿದ ದಿನದ ಬೀಗ

ಎರಡನೇ ಬೀಗ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಪಾಸ್‌ವರ್ಡ್ ಇರುವ ಪಿಡಿಎಫ್. ಬ್ಯಾಂಕ್ ಸ್ಟೇಟ್‌ಮೆಂಟ್ ಬಹಳ ಸಲ ಹೀಗೇ ಬರುತ್ತದೆ. ಪಾಸ್‌ವರ್ಡ್ ಏನು ಅಂತ ಅದೇ ಮೇಲ್‌ನಲ್ಲಿ ಬರೆದಿರುತ್ತಾರೆ: ನಿಮ್ಮ ಹುಟ್ಟಿದ ದಿನಾಂಕ, ಎಂಟು ಅಂಕಿ. ಬಾಗಿಲಿಗೆ ಬೀಗ ಹಾಕಿ, ಕೀಲಿ ಇರುವ ಜಾಗವನ್ನು ಬಾಗಿಲ ಮೇಲೇ ಬರೆದು ಅಂಟಿಸಿದ ಹಾಗೆ.

ಲೆಕ್ಕ ಹಾಕಿ ನೋಡೋಣ. ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ, ಜಾಸ್ತಿಯೇ ಅನ್ನಿಸುತ್ತದೆ. ಆದರೆ ಅದು ದಿನಾಂಕ ಅಂತ ಗೊತ್ತಾದ ಕೂಡಲೇ ಸಾಧ್ಯತೆಗಳು ಕುಸಿಯುತ್ತವೆ. ನೂರು ವರ್ಷದಲ್ಲಿ ಇರುವುದೇ 36,525 ದಿನ. ಸೆಕೆಂಡಿಗೆ ಬರೀ ಸಾವಿರ ದಿನಾಂಕ ಒತ್ತಿ ನೋಡಿದರೂ 37 ಸೆಕೆಂಡಿನಲ್ಲಿ ನೂರು ವರ್ಷ ಮುಗಿಯಿತು. ಹಳೆ ಬಗೆಯ ಪಿಡಿಎಫ್ ಬೀಗವಾದರೆ ಸಾಧಾರಣ ಕಂಪ್ಯೂಟರ್ ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಒತ್ತುತ್ತದೆ. ಕೆಲವರು ಹೆಸರಿನ ಮೊದಲ ನಾಲ್ಕು ಅಕ್ಷರವನ್ನೂ ಸೇರಿಸುತ್ತಾರೆ. ಹೆಸರು ಮೇಲ್‌ನ ಮೊದಲ ಸಾಲಿನಲ್ಲೇ ಇರುತ್ತದೆ, ಹಾಗಾಗಿ ಅದರಿಂದ ಒಂದು ಕೂದಲಷ್ಟೂ ಹೆಚ್ಚು ಭದ್ರತೆ ಸಿಗುವುದಿಲ್ಲ. ಬೇರೆಯವರ ಮೇಲ್‌ಗೆ ತಪ್ಪಿ ಹೋದಾಗ ಕುತೂಹಲಕ್ಕೆ ತೆರೆಯುವವರನ್ನು ತಡೆಯಲು ಇದು ಸಾಕು. ಮನಸ್ಸು ಮಾಡಿದವರಿಗೆ ಇದು ಬೀಗವೇ ಅಲ್ಲ.

ಜಿಪ್ ಫೈಲಿನ ಕಥೆ ಇನ್ನೂ ತಮಾಷೆಯದು. ಜಿಪ್‌ನ ಹಳೆಯ ಎನ್‌ಕ್ರಿಪ್ಷನ್ ವಿಧಾನವನ್ನು ಎಲಿ ಬಿಹಾಮ್ ಮತ್ತು ಪಾಲ್ ಕೋಚರ್ 1994ರಲ್ಲೇ ಮುರಿದು ತೋರಿಸಿದರು. ಒಳಗಿರುವ ಒಂದು ಫೈಲಿನ ಸ್ವಲ್ಪ ಭಾಗ ಮೊದಲೇ ಗೊತ್ತಿದ್ದರೆ ಪಾಸ್‌ವರ್ಡ್ ಊಹಿಸುವ ಗೋಜೇ ಇಲ್ಲದೆ ಬಿಡಿಸಬಹುದು. ಆ ಹಳೆ ವಿಧಾನ ಇವತ್ತಿಗೂ ಎಷ್ಟೋ ಪ್ರೋಗ್ರಾಂಗಳಲ್ಲಿ ಉಳಿದುಕೊಂಡಿದೆ. ಸೆವೆನ್-ಜಿಪ್ ಬಳಸುವವರು ಎಇಎಸ್-256 ಆರಿಸಿಕೊಳ್ಳಬೇಕು. ಅದರದ್ದೇ ಸೆವೆನ್‌ಝಡ್ ಮಾದರಿಯಲ್ಲಿ ಫೈಲುಗಳ ಹೆಸರನ್ನೂ ಮುಚ್ಚುವ ಒಂದು ಆಯ್ಕೆ ಇದೆ, ಅದಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ಒಳಗಿನದು ಕಾಣದಿದ್ದರೂ 'ಮನೆ ಸಾಲ', 'ಆಸ್ಪತ್ರೆ ಬಿಲ್' ಎಂಬ ಹೆಸರುಗಳೇ ಅರ್ಧ ಕಥೆ ಹೇಳಿಬಿಡುತ್ತವೆ.

ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೆ ಒಂದು ಮಾತು. 'ಪ್ರೊಟೆಕ್ಟ್ ಶೀಟ್' ಅಂತ ಒಂದು ಬಟನ್ ಇದೆಯಲ್ಲ, ಅದು ಬೀಗವಲ್ಲ. ಕೈತಪ್ಪಿ ಸೂತ್ರ ಅಳಿಸಿಹೋಗದಂತೆ ತಡೆಯಲು ಇರುವ ಬೇಲಿ, ಅಷ್ಟೇ. ನಿಜವಾದ ಬೀಗ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಎಂಬಲ್ಲಿ ಇದೆ, ಅದೂ 2007ರ ನಂತರದ ಹೊಸ ಮಾದರಿಯ ಫೈಲುಗಳಲ್ಲಿ ಮಾತ್ರ ಗಟ್ಟಿ. ಹಳೆಯ ಎಕ್ಸ್‌ಎಲ್‌ಎಸ್ ಫೈಲಿದ್ದರೆ ಹೊಸ ಮಾದರಿಗೆ ಬದಲಾಯಿಸಿ, ಆಮೇಲೆ ಬೀಗ ಹಾಕಿ.

ನಾನು ಬಳಸುವುದು ವೆರಾಕ್ರಿಪ್ಟ್. ಫೈಲುಗಳಿಗೆ ಬೀಗ ಹಾಕುವ ಟ್ರೂಕ್ರಿಪ್ಟ್ ಅಂತ ಒಂದು ಪ್ರೋಗ್ರಾಂ ಇತ್ತು. ಅದನ್ನು ಬರೆದವರು 2014ರ ಮೇನಲ್ಲಿ ಇದ್ದಕ್ಕಿದ್ದಂತೆ ಕೈಬಿಟ್ಟರು. ಅದರ ಕೋಡ್ ಆಧರಿಸಿ ಬೆಳೆದದ್ದು ಇದು, ಉಚಿತ. ಇದರಲ್ಲಿ ಒಂದು ದೊಡ್ಡ ಫೈಲು ಮಾಡಿಕೊಳ್ಳುತ್ತೀರಿ, ಒಂದು ಜಿಬಿ ಅಂತಿಟ್ಟುಕೊಳ್ಳಿ. ಪಾಸ್‌ವರ್ಡ್ ಕೊಟ್ಟಾಗ ಅದು ಒಂದು ಹೊಸ ಡ್ರೈವ್‌ನ ಹಾಗೆ ಕಾಣಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಆ ಡ್ರೈವನ್ನು ಮುಚ್ಚಿದರೆ ಮತ್ತೆ ಬರೀ ಗೊಂದಲದ ಬೈಟುಗಳ ಗಂಟು. ಜಿಪ್‌ಗಿಂತ ಇದು ನನಗೆ ಹಿಡಿಸಲು ಒಂದು ಕಾರಣ ಇದೆ. ಜಿಪ್ ಒಳಗಿರುವ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಏನಾಗುತ್ತದೆ ಅಂತ ಗಮನಿಸಿದ್ದೀರಾ? ಅದರ ಬಿಚ್ಚಿದ ಪ್ರತಿಯೊಂದನ್ನು ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನಲ್ಲಿ ಬರೆದು, ಆಮೇಲೆ ಅದನ್ನು ತೆರೆಯುತ್ತದೆ. ಮುಚ್ಚಿದ ಮೇಲೆ ಆ ಪ್ರತಿ ಕೆಲವೊಮ್ಮೆ ಅಲ್ಲೇ ಉಳಿದುಬಿಡುತ್ತದೆ. ನನ್ನ ಏಳರ ಪಟ್ಟಿಗೆ ಎಂಟನೆಯದು ಸೇರುವುದು ಹೀಗೆ.

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಬೇಕಾದಷ್ಟು ಕೇಳಿದ್ದೀರಿ. ದೊಡ್ಡಕ್ಷರ, ಚಿಹ್ನೆ, ಅಂಕಿ ಸೇರಿಸಿ ಅನ್ನುವ ಉಪದೇಶದ ಮೂಲ 2003ರ ಒಂದು ಅಮೆರಿಕನ್ ಸರಕಾರಿ ಮಾರ್ಗದರ್ಶಿ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಆ ಸಲಹೆಗೆ ಪಶ್ಚಾತ್ತಾಪ ಪಟ್ಟರು. ಮನುಷ್ಯರು 'ಎ' ಬದಲು '@' ಹಾಕಿ, ಕೊನೆಗೆ '1' ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಊಹಿಸುವ ಪ್ರೋಗ್ರಾಂಗಳಿಗೆ ಈ ಚಾಳಿ ಎಂದೋ ಗೊತ್ತು.

ಇದಕ್ಕಿಂತ ಚಂದದ ಉಪಾಯ ದಾಳ ಹಾಕಿ ಪದ ಆರಿಸುವುದು. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಕೊಟ್ಟ ಡೈಸ್‌ವೇರ್ ವಿಧಾನ ಇದು. ಐದು ಸಲ ದಾಳ ಉರುಳಿಸಿದರೆ ಒಂದು ಸಂಖ್ಯೆ, ಆ ಸಂಖ್ಯೆಗೆ ಪಟ್ಟಿಯಲ್ಲಿ ಒಂದು ಪದ. ಪಟ್ಟಿಯಲ್ಲಿ 7,776 ಪದ. ಆರು ಪದ ಆರಿಸಿದರೆ ಒಟ್ಟು ಸಾಧ್ಯತೆಗಳು 2ರ ಮುಂದೆ 23 ಸೊನ್ನೆ ಇಟ್ಟಷ್ಟು. ಸೆಕೆಂಡಿಗೆ ಲಕ್ಷ ಕೋಟಿ ಸಲ ಊಹಿಸುವ ಯಂತ್ರಕ್ಕೂ ಎಲ್ಲವನ್ನೂ ಮುಗಿಸಲು ಸುಮಾರು ಏಳು ಸಾವಿರ ವರ್ಷ ಬೇಕು. ಪದ ಯಾವ ಭಾಷೆಯದ್ದಾದರೂ ಆಗುತ್ತದೆ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬಹುದು. ಆದರೆ ಆರಿಸುವುದು ದಾಳವೇ ಆಗಿರಲಿ, ನೀವಲ್ಲ. ಗಾದೆ, ವಚನದ ಸಾಲು, ಹಾಡಿನ ಪಲ್ಲವಿ ಬೇಡವೇ ಬೇಡ. ನಮ್ಮ ನಾಲಿಗೆಗೆ ಸಲೀಸಾಗಿ ಬರುವುದು ಊಹಿಸುವವನ ನಾಲಿಗೆಗೂ ಬರುತ್ತದೆ.

ನೀವು ಕೂತಿರುವಾಗಲೇ ಬರುವವರು

ಮನೆಯ ಕಂಪ್ಯೂಟರಿಗೆ ಹೆಚ್ಚಾಗಿ ಆಗುವ ಹಾನಿ ಈ ದಾರಿಯದ್ದು. ಗೋಡೆ ಹಾರಿ ಬರುವವರು ಕಡಿಮೆ. ನಾವೇ ಬಾಗಿಲು ತೆಗೆದು ಕೂರಿಸುತ್ತೇವೆ.

ತೆರಿಗೆ ಸಲ್ಲಿಸುವ ಕಾಲದಲ್ಲಿ ಒಂದು ಮೇಲ್ ಬರುತ್ತದೆ. 'ನಿಮ್ಮ ಮರುಪಾವತಿಯ ವಿವರ ಲಗತ್ತಿಸಿದೆ.' ಅಂಟಿಸಿದ ಫೈಲಿಗೆ ಪಿಡಿಎಫ್‌ನ ಚಿತ್ರ, ಹೆಸರಿನ ಕೊನೆಗೆ ಪಿಡಿಎಫ್ ಅಂತಲೇ ಇದೆ. ವಿಂಡೋಸ್‌ನಲ್ಲಿ ಫೈಲಿನ ಬಾಲದ ಕೊನೆಯ ತುಂಡನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ಮಾಮೂಲಿಯಾಗಿ ಅಡಗಿಸಿ ಇಟ್ಟಿರುತ್ತಾರೆ. ನಿಜವಾದ ಹೆಸರು 'ರೀಫಂಡ್.ಪಿಡಿಎಫ್.ಇಎಕ್ಸ್‌ಇ'. ಕೊನೆಯ ಇಎಕ್ಸ್‌ಇ ಕಾಣುವುದಿಲ್ಲ. ಕ್ಲಿಕ್ ಮಾಡಿದರೆ ತೆರೆಯುವುದು ಕಾಗದವಲ್ಲ, ಓಡುವುದು ಒಂದು ಪ್ರೋಗ್ರಾಂ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಅರ್ಧ ನಿಮಿಷದ ಕೆಲಸ. ಇದನ್ನು ಯಾಕೆ ಮೊದಲಿಂದಲೇ ಆನ್ ಇಟ್ಟು ಕೊಡುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೀಗೆ ಒಳಗೆ ಬಂದವರಲ್ಲಿ ಎರಡು ಜಾತಿ. ಒಂದು, ಸದ್ದಿಲ್ಲದೆ ಕದ್ದುಕೊಂಡು ಹೋಗುವ ಇನ್ಫೋಸ್ಟೀಲರ್. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡುವ ಕುಕಿಗಳು, ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನು ಗುಡಿಸಿಕೊಂಡು ಹೋಗುತ್ತದೆ. 'ಪಾಸ್‌ವರ್ಡ್ಸ್.ಟಿಎಕ್ಸ್‌ಟಿ' ಅಂತ ಫೈಲು ಇಟ್ಟವರಿಗೆ ಏನೂ ಹೇಳಬೇಕಿಲ್ಲ. ಇನ್ನೊಂದು ರಾನ್ಸಮ್‌ವೇರ್. ಅದು ನಿಮ್ಮ ಫೈಲುಗಳಿಗೆ ತನ್ನ ಬೀಗ ಹಾಕಿ ಹಣ ಕೇಳುತ್ತದೆ. ಸಂಕಟ ಏನೆಂದರೆ ಅದು ಹಾಕುವುದೂ ಅದೇ ಗಟ್ಟಿ ಎನ್‌ಕ್ರಿಪ್ಷನ್. ನೀವು ಮೊದಲೇ ಬೀಗ ಹಾಕಿದ್ದರೂ ಅದಕ್ಕೇನೂ ಬೇಸರವಿಲ್ಲ. ನಿಮ್ಮ ಬೀಗದ ಮೇಲೆ ತನ್ನದನ್ನು ಹಾಕುತ್ತದೆ.

'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು' ಅನ್ನುತ್ತಾರಲ್ಲ, ವಾನ್ನಾಕ್ರೈ ಅದಕ್ಕಿಂತ ಬೇಸರದ ಕಥೆ. ಆ ರಾನ್ಸಮ್‌ವೇರ್ 2017ರ ಮೇ 12ರಂದು ಹರಡಲು ಶುರುವಾಗಿ ಕೆಲವೇ ದಿನಗಳಲ್ಲಿ ನೂರೈವತ್ತು ದೇಶಗಳ ಕಂಪ್ಯೂಟರುಗಳನ್ನು ಹಿಡಿಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. ಬಾಗಿಲು ಎರಡು ತಿಂಗಳ ಮೊದಲೇ ತಯಾರಿತ್ತು, ಎಳೆದು ಹಾಕುವವರಿರಲಿಲ್ಲ. ಹಾಗಾಗಿ ಅಪ್‌ಡೇಟ್ ಬಂದಾಗ 'ಆಮೇಲೆ ನೆನಪಿಸು' ಒತ್ತುವ ಚಟ ಬಿಡಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವವರು ತೆರಿಗೆ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳದಿರುವುದು ಒಳ್ಳೆಯದು.

ಇನ್ನೊಂದು ಸುಲಭದ ಕೆಲಸ: ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ ಸಾದಾ ಖಾತೆ. ಮಕ್ಕಳು ಆಟ ಇಳಿಸಿಕೊಳ್ಳುವ ಖಾತೆಯೂ ನೀವು ತೆರಿಗೆ ತುಂಬುವ ಖಾತೆಯೂ ಒಂದೇ ಆಗಿರಬಾರದು. ಬೀಗದ ಡ್ರೈವನ್ನು ಬೇಕಾದಾಗ ಮಾತ್ರ ತೆರೆದು, ಕೆಲಸವಾದ ತಕ್ಷಣ ಮುಚ್ಚಿ. ವರ್ಷದಲ್ಲಿ ಒಟ್ಟು ಹತ್ತು ಗಂಟೆ ತೆರೆದಿರುವ ಪೆಟ್ಟಿಗೆಯಿಂದ ಕದಿಯಲು ಆ ಹತ್ತು ಗಂಟೆಯಲ್ಲೇ ಕಳ್ಳ ಒಳಗಿರಬೇಕು.

ಕಳ್ಳನಿಲ್ಲದ ಕಳವು

ಈಗ ಮೂರನೆಯದು. ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಇಲ್ಲಿ. ಕೆಲವು ವರ್ಷದ ಹಿಂದೆ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಹಳೆಯ ಲೆಕ್ಕಪತ್ರವನ್ನೆಲ್ಲ ಒಂದು ಎಕ್ಸ್‌ಟರ್ನಲ್ ಡ್ರೈವಿಗೆ ಹಾಕಿದೆ. ಬ್ಯಾಕಪ್ ಮಾಡಿದೆ ಅಂತ ಸಮಾಧಾನ. ಒಂದು ದಿನ ಡ್ರೈವ್ ಮೇಜಿನಿಂದ ಬಿತ್ತು. ಆಮೇಲೆ ಜೋಡಿಸಿದಾಗ ಟಿಕ್, ಟಿಕ್ ಅಂತ ಸದ್ದು ಮಾತ್ರ. ಆಗ ಹೊಳೆಯಿತು, ನಾನು ಮಾಡಿದ್ದು ಕಾಪಿ ಅಲ್ಲ, ಕಟ್. ಲ್ಯಾಪ್‌ಟಾಪಿನಲ್ಲಿ ಏನೂ ಉಳಿದಿರಲಿಲ್ಲ. ಬ್ಯಾಕಪ್ ಡ್ರೈವಿನಲ್ಲಿ ಇದ್ದ ಮಾತ್ರಕ್ಕೆ ಅದು ಬ್ಯಾಕಪ್ ಅಲ್ಲ. ಇನ್ನೊಂದು ಇದ್ದರೆ ಮಾತ್ರ ಅದು ಬ್ಯಾಕಪ್.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಲೆಕ್ಕ ಚೆನ್ನಾಗಿದೆ. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. 'ಮೊದಲು ಪ್ರತಿ ಕಡಿಮೆ ಮಾಡಿ ಅಂದಿರಿ, ಈಗ ಮೂರು ಮಾಡಿ ಅನ್ನುತ್ತೀರಾ?' ಅಂತ ಕೇಳಬಹುದು. ಎಲ್ಲಿದೆ ಅಂತ ಗೊತ್ತಿರುವ, ಬೀಗವಿರುವ ಮೂರು ಪ್ರತಿ ಬೇಕು. ಮರೆತುಹೋದ ಏಳು ಪ್ರತಿ ಬೇಡ. ವೆರಾಕ್ರಿಪ್ಟ್‌ನ ಆ ಒಂದು ಗಂಟನ್ನೇ ಹಾಗೇ ಮೂರು ಕಡೆ ಇಟ್ಟರಾಯಿತು. ಕ್ಲೌಡ್‌ನಲ್ಲಿ ಇಟ್ಟರೂ ಅಲ್ಲಿಗೆ ಹೋಗುವುದು ಕಲಸಿದ ಬೈಟುಗಳು ಮಾತ್ರ. ನಿಮ್ಮ ಕ್ಲೌಡ್ ಖಾತೆಗೆ ಎರಡು ಹಂತದ ಲಾಗಿನ್ ಅಂತೂ ಇರಲೇಬೇಕು.

ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಗೂಗಲ್ ಡ್ರೈವ್ ತಾವಾಗಿ ಮಾಡುವ ಸಿಂಕ್ ಬ್ಯಾಕಪ್‌ಗೆ ಸಮ ಅಲ್ಲ. ಸಿಂಕ್ ಅಂದರೆ ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ರಾನ್ಸಮ್‌ವೇರ್ ಬೀಗ ಹಾಕಿದರೆ ಆ ಬೀಗ ಹಾಕಿದ ಪ್ರತಿ ನಿಷ್ಠೆಯಿಂದ ಅಲ್ಲಿಗೂ ಹೋಗುತ್ತದೆ. ಹಳೆ ಆವೃತ್ತಿಗಳನ್ನು ಕೆಲವು ದಿನ ಇಟ್ಟಿರುತ್ತಾರೆ, ಅದು ಉಪಕಾರಿ. ಆದರೆ ಅದನ್ನೇ ನಂಬಿ ಕೂರಬೇಡಿ. ಎಕ್ಸ್‌ಟರ್ನಲ್ ಡ್ರೈವನ್ನು ಕೆಲಸವಾದ ಮೇಲೆ ಕಿತ್ತಿಡಿ. ಸದಾ ಚುಚ್ಚಿಕೊಂಡೇ ಇರುವ ಡ್ರೈವು ರಾನ್ಸಮ್‌ವೇರ್ ಪಾಲಿಗೆ ಇನ್ನೊಂದು ಫೋಲ್ಡರ್, ಅಷ್ಟೇ. ಮತ್ತೆ ವರ್ಷಕ್ಕೊಮ್ಮೆ, ತೆರಿಗೆ ಸಲ್ಲಿಸಿದ ದಿನವೇ, ಬ್ಯಾಕಪ್‌ನಿಂದ ಒಂದು ಹಳೆ ಫೈಲನ್ನು ನಿಜವಾಗಿ ತೆರೆದು ನೋಡಿ.

ಅಳಿಸಿದ್ದು ಅಳಿಯುವುದಿಲ್ಲ

ಆ ಏಳು ಪ್ರತಿಗಳನ್ನು ನಾನು ಡಿಲೀಟ್ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಹೋದವಾ? ಡಿಲೀಟ್ ಅಂದರೆ ಪುಸ್ತಕದ ಪರಿವಿಡಿಯಲ್ಲಿ ಆ ಅಧ್ಯಾಯದ ಹೆಸರು ಹೊಡೆದು ಹಾಕಿದ ಹಾಗೆ. ಪುಟಗಳು ಹಾಗೇ ಇರುತ್ತವೆ, ಮೇಲೆ ಬೇರೇನಾದರೂ ಬರೆಯುವ ತನಕ. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್ ಎಂಬ ಎಂಐಟಿಯ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಮಾರಾಟಕ್ಕೆ ಬಂದ 158 ಹಳೆಯ ಹಾರ್ಡ್ ಡಿಸ್ಕ್ ಕೊಂಡು ನೋಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಕೆಲಸ ಮಾಡುತ್ತಿದ್ದವು 129. ಸರಿಯಾಗಿ ಅಳಿಸಿದ್ದವು ಬರೀ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್, ಖಾಸಗಿ ಪತ್ರಗಳು, ಹಣಕಾಸಿನ ಲೆಕ್ಕಗಳು ಸಿಕ್ಕವು. ಮಾರಿದವರಲ್ಲಿ ಎಷ್ಟೋ ಜನ ಅಳಿಸಿದ್ದೇವೆ ಅಂತಲೇ ನಂಬಿದ್ದಿರಬೇಕು.

ತಿರುಗುವ ಹಳೆ ಡಿಸ್ಕಿನಲ್ಲಿ ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆದರೆ ಸಾಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ಭಾಗವೇ ಇಲ್ಲದ ಚಿಪ್ ಡಿಸ್ಕಿನಲ್ಲಿ, ಆ ಉಪಾಯ ನಡೆಯುವುದಿಲ್ಲ. ಸವೆತ ಹಂಚಲು ಅದು ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಬರೆಯುತ್ತದೆ. ನೀವು ಅದೇ ಜಾಗದ ಮೇಲೆ ಬರೆದೆ ಅಂದುಕೊಂಡರೂ ಹಳೆಯದು ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಇಲ್ಲಿ ಮೊದಲ ಬೀಗ ಮತ್ತೆ ಕೆಲಸಕ್ಕೆ ಬರುತ್ತದೆ. ಮೊದಲ ದಿನದಿಂದಲೇ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಯಂತ್ರ ಕೊಡುವ ದಿನ ಕೀಲಿಯನ್ನು ನಾಶ ಮಾಡಿದರೆ ಸಾಕು. ಉಳಿದ ಚೂರುಗಳು ಯಾರಿಗೆ ಸಿಕ್ಕರೂ ಓದಲಾಗುವುದಿಲ್ಲ.

ಲೆಕ್ಕ ನೋಡುವವರಿಗೆ ಕಳುಹಿಸುವಾಗಲೂ ಇಷ್ಟೇ: ಬೀಗ ಹಾಕಿದ ಫೈಲು ಮೇಲ್‌ನಲ್ಲಿ, ಪಾಸ್‌ವರ್ಡ್ ಫೋನಿನಲ್ಲಿ ಬಾಯಲ್ಲಿ. ಎರಡೂ ಒಂದೇ ಮೇಲ್‌ನಲ್ಲಿ ಬೇಡ. ಕೆಲಸ ಮುಗಿದ ಮೇಲೆ ಸೆಂಟ್ ಫೋಲ್ಡರಿನಿಂದಲೂ ತೆಗೆದುಬಿಡಿ. ಎಷ್ಟು ವರ್ಷದ ಕಾಗದ ಇಟ್ಟುಕೊಳ್ಳಬೇಕು ಅಂತ ನಿಮ್ಮ ಸರಕಾರದ ನಿಯಮ ಹೇಳುತ್ತದೆ. ಅದನ್ನು ದಾಟಿದ್ದನ್ನು ಪ್ರೀತಿಯಿಂದ ಕಾಪಾಡುವ ಅಗತ್ಯವಿಲ್ಲ. ಇಲ್ಲದ ಫೈಲನ್ನು ಯಾರೂ ಕದಿಯಲಾರರು.

ಕೊನೆಗೆ ಒಂದು ಲಕೋಟೆ. ಇಷ್ಟೆಲ್ಲ ಬೀಗ ಹಾಕಿ ನಾಳೆ ನಾನೇ ಆಸ್ಪತ್ರೆಯಲ್ಲಿ ಮಲಗಿದರೆ ಮನೆಯವರು ಏನು ಮಾಡಬೇಕು? ಅದಕ್ಕೆ ಒಂದು ಕಾಗದದ ಮೇಲೆ ಕೈಯಲ್ಲೇ ಬರೆದು ಇಟ್ಟಿದ್ದೇನೆ: ಆರು ಪದದ ಪಾಸ್‌ವರ್ಡ್, ಫೈಲು ಇರುವ ಮೂರು ಜಾಗ, ಯಾವ ಪ್ರೋಗ್ರಾಂ ಬೇಕು, ಮತ್ತೆ ಬಿಟ್‌ಲಾಕರ್‌ನ ರಿಕವರಿ ಕೀ. ಕಾಗದವನ್ನು ಇಂಟರ್ನೆಟ್ ಮೂಲಕ ಯಾರೂ ಕದಿಯಲಾರರು. ರಿಕವರಿ ಕೀ ಅಂದರೆ 48 ಅಂಕಿ, ಆರಾರರ ಎಂಟು ಗುಂಪು. ಇದನ್ನು ಬರೆಯುವಾಗ ಒಂದು ಅಂಕಿ ತಪ್ಪಿದರೆ ಎಲ್ಲ ಮುಗಿಯಿತು ಅಂತ ಹೆದರಿದ್ದೆ. ಆಮೇಲೆ ಗೊತ್ತಾಯಿತು, ಆ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಭಾಗವಾಗುವ ಸಂಖ್ಯೆ. ಒಂದು ಅಂಕಿ ತಪ್ಪಿದರೂ ಭಾಗವಾಗುವುದಿಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂತು ಒಂದೊಂದನ್ನೂ ಭಾಗಿಸಿದೆ. ಐದನೇ ಗುಂಪಿನಲ್ಲಿ ಶೇಷ ಉಳಿಯಿತು. ಪರದೆ ನೋಡಿದೆ, ಕಾಗದ ನೋಡಿದೆ. 1 ಅನ್ನು 7 ಅಂತ ಬರೆದಿದ್ದೆ.